ಕಣ್ಣು ಹೊಡೆಯುವ ಕಾರು

ಕ್ಲಚ್ ಮೇಷ್ಟ್ರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಅವರ ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು. ಇಪ್ಪತ್ತಾರು ವರ್ಷ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು "ಕ್ಲಚ್ಚು! ಕ್ಲಚ್ಚು! ಕ್ಲಚ್ ಒತ್ತಿ ಅಂದ್ನಲ್ಲ!" ಎಂದು ಕೂಗಿದ ಮೇಲೆ ಬೇರೆ ಯಾವ ಹೆಸರು ತಾನೇ ನಿಂತೀತು? ನಿದ್ದೆಯಲ್ಲೂ ಅವರ ಎಡಗಾಲು ಒದೆಯುತ್ತದೆ ಎಂದು ಅವರ ಹೆಂಡತಿ ಅಕ್ಕಪಕ್ಕದವರ ಹತ್ತಿರ ದೂರು ಹೇಳುವುದಿತ್ತು.

ನಾನೂ ಅವರ ಹತ್ತಿರವೇ ಕಲಿತವನು. ನಲವತ್ತು ದಾಟಿದ ಮೇಲೆ, ಔಷಧಿ ಅಂಗಡಿಯ ಕೆಲಸ ಮುಗಿಸಿಕೊಂಡು ಸಂಜೆಯ ಬ್ಯಾಚಿಗೆ ಹೋಗುತ್ತಿದ್ದೆ. ಮೇಷ್ಟ್ರು ಕಲಿಸುವುದರಲ್ಲಿ ಎತ್ತಿದ ಕೈ. ಆದರೆ ಅವರ ಬಾಯಲ್ಲಿ "ಗೊತ್ತಿಲ್ಲ" ಎಂಬ ಮಾತು ಬಂದದ್ದನ್ನು ಕೇಳಿದವರಿಲ್ಲ. ಬಾನೆಟ್ಟಿನ ಕೆಳಗೆ ಏನೇನಿದೆ ಸಾರ್ ಎಂದು ಯಾರಾದರೂ ಕೇಳಿದರೆ, "ಅದು ಆಮೇಲಿನ ಪಾಠ" ಎನ್ನುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ಆ ಆಮೇಲು ಯಾರಿಗೂ ಬಂದಿರಲಿಲ್ಲ. ಕಾರು ಕೆಟ್ಟರೆ ಎರಡು ಬೀದಿ ಆಚೆಯ ಮೆಕ್ಯಾನಿಕ್ಕನ ಹತ್ತಿರ ಬಿಟ್ಟು, ಅವನು ರಿಪೇರಿ ಮಾಡುವಷ್ಟು ಹೊತ್ತೂ ಹಿಂದೆ ಕೈ ಕಟ್ಟಿಕೊಂಡು ನಿಂತು "ಹೂಂ, ಹೂಂ, ಸರಿ" ಎಂದು ಒಪ್ಪಿಗೆ ಕೊಡುತ್ತಿದ್ದರು. ನೋಡಿದವರಿಗೆ ಮೇಷ್ಟ್ರೇ ಹೇಳಿ ಮಾಡಿಸುತ್ತಿದ್ದಾರೇನೋ ಅನ್ನಿಸಬೇಕು.

ಅವರ ಕಾರು ಕಣ್ಣು ಹೊಡೆಯಲು ಶುರು ಮಾಡಿದ ಸಂಜೆ ಸ್ಟೀರಿಂಗ್ ಹಿಡಿದಿದ್ದವನು ನಾನೇ. ಆಗಷ್ಟೇ ಕತ್ತಲಾಗಿ ಹೆಡ್‌ಲೈಟ್ ಹಾಕಿದ್ದೆವು. ಕಿರಿದಾದ ಸೇತುವೆಯ ಹತ್ತಿರ ಎದುರಿನಿಂದ ಬರುತ್ತಿದ್ದ ಲಾರಿ ಇದ್ದಕ್ಕಿದ್ದಂತೆ ನಿಂತು ನಮಗೆ ದಾರಿ ಬಿಟ್ಟಿತು. ಮೇಷ್ಟ್ರು ಎದೆ ಉಬ್ಬಿಸಿದರು.

"ನೋಡಿ ಇವರೇ, ಶಿಸ್ತಾಗಿ ಓಡಿಸಿದ್ರೆ ಲಾರಿಯವನೂ ಮರ್ಯಾದೆ ಕೊಡ್ತಾನೆ."

ಮುಂದಿನ ತಿರುವಿನಲ್ಲಿ ಮೂರು ಕಾರುಗಳು ಸಾಲಾಗಿ ವೇಗ ಕಡಿಮೆ ಮಾಡಿದವು. ಆ ಕಡೆ ಪೊಲೀಸರು ನಿಂತಿದ್ದಾರೆಂದು ನಾವು ಸನ್ನೆ ಮಾಡುತ್ತಿದ್ದೇವೆ ಎಂದುಕೊಂಡಿದ್ದರು, ಪಾಪ. ಅವರಲ್ಲೊಬ್ಬ ಕಿಟಕಿಯಿಂದ ಕೈ ಆಡಿಸಿ ಥ್ಯಾಂಕ್ಸ್ ಕೂಡ ಹೇಳಿದ. ಮೇಷ್ಟ್ರು ಅದಕ್ಕೂ ಗಂಭೀರವಾಗಿ ತಲೆದೂಗಿದರು. ಆದರೆ ಅವುಗಳ ಹಿಂದೆ ಬಂದ ವ್ಯಾನಿನವನು ನಮ್ಮ ಪಕ್ಕದಲ್ಲೇ ಬ್ರೇಕು ಹಾಕಿ ಕತ್ತು ಹೊರಗೆ ಚಾಚಿದ.

"ಏನ್ರೀ? ಆಗಿಂದ ಪಟಪಟ ಅಂತ ಕಣ್ಣು ಹೊಡೀತಾ ಇದೀರ! ನಾನೇನ್ ಮಾಡ್ದೆ ನಿಮ್ಗೆ?"

ನಾವು ಇಳಿದು ಮುಂದೆ ಹೋಗಿ ನೋಡಿದೆವು. ನಿಂತ ಕಾರಿನ ದೀಪಗಳು ಸಾಧು ಸನ್ಯಾಸಿಯಂತೆ ಸ್ಥಿರವಾಗಿ ಉರಿಯುತ್ತಿದ್ದವು. ಮತ್ತೆ ಹತ್ತಿ ಒಂದು ಗುಂಡಿ ದಾಟಿದೆವೋ ಇಲ್ಲವೋ, ಎದುರಿನ ಗೋಡೆಯ ಮೇಲೆ ಬೆಳಕು ಬಂತು, ಹೋಯಿತು, ಬಂತು.

"ಲೂಸ್ ಕಾಂಟ್ಯಾಕ್ಟು," ಎಂದೆ.

"ನನಗೆ ಗೊತ್ತಿಲ್ವಾ?" ಎಂದರು ಮೇಷ್ಟ್ರು.

ಮರುದಿನ ಬೆಳಿಗ್ಗೆ ಸ್ಕೂಟರಿನಲ್ಲಿ ಬಂದ ಹೆಂಗಸೊಬ್ಬರು ಮೇಷ್ಟ್ರ ಮನೆಯ ಗೇಟಿನ ಹತ್ತಿರ ನಿಂತು, ಬಾಗಿಲು ತೆರೆದ ಅವರ ಹೆಂಡತಿಯನ್ನು ಕೇಳಿದರಂತೆ: "ನಿನ್ನೆ ಸಂಜೆ ಮಾರ್ಕೆಟ್ ತನಕ ನನ್ನ ಹಿಂದೆನೇ ಬಂದು ಲೈಟ್ ಹೊಡೀತಿದ್ದ ಕಾರು ನಿಮ್ಮದೇನಾ?" ಮೇಷ್ಟ್ರ ಹೆಂಡತಿ ಪ್ರೈಮರಿ ಶಾಲೆಯಲ್ಲಿ ಲೆಕ್ಕದ ಟೀಚರು. ಅವರು ಗಂಡನ ಕಡೆ ತಿರುಗಿ ನೋಡಿದ ನೋಟಕ್ಕೆ ಉತ್ತರ ಯಾವ ಲೆಕ್ಕದ ಪುಸ್ತಕದ ಹಿಂದೆಯೂ ಇರಲಿಲ್ಲ. ಅದು ವೈರಿನ ತೊಂದರೆ, ಮನಸ್ಸಿನದಲ್ಲ ಎಂದು ಆ ಹೆಂಗಸಿಗೂ ಹೆಂಡತಿಗೂ ನಂಬಿಸುವಷ್ಟರಲ್ಲಿ ಮೇಷ್ಟ್ರು ಬೆವರಿ ನೀರಾದರು. ಹೊರಡುವಾಗ ಆಕೆ, "ಬೇಗ ಸರಿ ಮಾಡಿಸ್ಕೊಳಿ, ಎಲ್ರೂ ನನ್ನಷ್ಟು ಒಳ್ಳೆಯವರಿರಲ್ಲ" ಎಂದು ಹೇಳಿಹೋದರು.

ಅಲ್ಲಿಂದ ಶುರುವಾಯಿತು ಮನೆ ರಿಪೇರಿ. ಮೊದಲು ಮೇಷ್ಟ್ರು ಹೊಸ ಬಲ್ಬುಗಳ ಜೋಡಿ ತಂದು ಹಾಕಿದರು. ಹೊಸ ಬಲ್ಬು ಹಳೆಯದಕ್ಕಿಂತ ಪ್ರಕಾಶಮಾನವಾಗಿ ಕಣ್ಣು ಹೊಡೆಯಿತು. ಆಮೇಲೆ ಬ್ಯಾಟರಿಯ ತುದಿಗಳಿಗೆ ಬಿಸಿನೀರು ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅರ್ಧ ಗಂಟೆ ತಿಕ್ಕಿದರು. ಬ್ಯಾಟರಿ ಥಳಥಳ ಹೊಳೆಯಿತು, ದೀಪ ಮಿಣುಕುತ್ತಲೇ ಇತ್ತು. ಮೂರನೆಯ ದಿನ ಫ್ಯೂಸುಗಳನ್ನೆಲ್ಲ ಒಟ್ಟಿಗೆ ಕಿತ್ತು ಒಂದು ಪೇಪರಿನ ಮೇಲೆ ಸಾಲಾಗಿ ಇಟ್ಟು, ಟಾರ್ಚು ತರಲು ಒಳಗೆ ಹೋದರು. ಅಷ್ಟರಲ್ಲಿ ಹೆಂಡತಿ ಬಂದು "ಪೇಪರನ್ನ ಎಲ್ಲೆಂದ್ರಲ್ಲಿ ಬಿಸಾಡ್ತಾರಪ್ಪ" ಎಂದು ಗೊಣಗುತ್ತ ಅದನ್ನೆತ್ತಿ ಕೊಡವಿದರು. ಸಿಕ್ಕ ಫ್ಯೂಸುಗಳೆಲ್ಲ ತಮ್ಮ ತಮ್ಮ ಜಾಗ ಸೇರಿದವು. ಒಂದು ಮಾತ್ರ ಹೂವಿನ ಕುಂಡದ ಕೆಳಗೆ ಹೋಗಿ ಕೂತು ಎರಡು ದಿನ ಸಿಗಲಿಲ್ಲ. ಅದು ಹಾರನ್ನಿನದು. ಆ ಎರಡು ದಿನ ಮೇಷ್ಟ್ರೇ ಕಿಟಕಿಯಿಂದ ತಲೆ ಹೊರಗೆ ಹಾಕಿ "ಸರೀರಿ! ಸರೀರಿ!" ಎಂದು ಕೂಗುತ್ತಿದ್ದರು. ಹಾರನ್ನಿಗಿಂತ ಅದೇ ಚೆನ್ನಾಗಿ ಕೆಲಸ ಮಾಡುತ್ತಿತ್ತು ಅನ್ನುವುದು ನನ್ನ ಅನುಭವ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು.

ಇಷ್ಟೆಲ್ಲ ಪಾಡು ಪಡುವ ಬದಲು ಮೆಕ್ಯಾನಿಕ್ಕನ ಹತ್ತಿರ ಹೋಗಬಹುದಿತ್ತಲ್ಲ? ಹೋಗುವ ಹಾಗಿರಲಿಲ್ಲ. ಅದಕ್ಕೊಂದು ಕಾರಣವಿತ್ತು, ಮತ್ತು ಅದು ಆಗ ಮೇಷ್ಟ್ರೊಬ್ಬರಿಗೇ ಗೊತ್ತಿತ್ತು.

ಅದಕ್ಕೆ ಮೂರು ತಿಂಗಳ ಹಿಂದೆ ಮೇಷ್ಟ್ರು ಒಬ್ಬರೇ ಕಾರಿನಲ್ಲಿ ತಮ್ಮ ಡ್ರೈವಿಂಗ್ ಸ್ಕೂಲಿನ ಗೇಟಿನ ಒಳಗೆ ತಿರುಗುತ್ತಿದ್ದರು. ಫುಟ್‌ಪಾತಿನ ಮೇಲೆ ಯಾರೋ ಒಬ್ಬ ಮೊಬೈಲಿನಲ್ಲಿ ಮುಳುಗಿಕೊಂಡು ನಡೆಯುತ್ತಿದ್ದ. ಮೇಷ್ಟ್ರಿಗೆ ಸುಮ್ಮನಿರಲಾಗಲಿಲ್ಲ. ಕಿಟಕಿಯಿಂದ ಕತ್ತು ಹೊರಗೆ ಹಾಕಿ, "ಸ್ವಾಮೀ, ಮುಂದೆ ನೋಡ್ಕೊಂಡು ನಡೀರಿ!" ಎಂದು ಕೂಗಿದರು. ಕೂಗಿ ಮುಗಿಯುವುದಕ್ಕೂ ಕಾರಿನ ಮೂತಿ ಗೇಟಿನ ಕಂಬಕ್ಕೆ ಬಡಿಯುವುದಕ್ಕೂ ಸರಿಹೋಯಿತು. ಆ ಮನುಷ್ಯ ಮೊಬೈಲಿನಿಂದ ತಲೆಯೆತ್ತಿ, ಕಾರನ್ನೂ ಕಂಬವನ್ನೂ ಮೇಷ್ಟ್ರನ್ನೂ ಒಂದು ಸಲ ನೋಡಿ, ಮುಂದೆ ನೋಡಿಕೊಂಡು ನಡೆದುಹೋದ.

ಕಲಿಸುವ ಮೇಷ್ಟ್ರೇ ಕಂಬಕ್ಕೆ ಗುದ್ದಿದರೆಂದು ಊರಿಗೆ ಗೊತ್ತಾದರೆ ಇನ್ನೇನು ಉಳಿಯಿತು? ಮೆಕ್ಯಾನಿಕ್ಕನ ಬಾಯಿಯೋ, ಬೀದಿಯ ನಲ್ಲಿ ಇದ್ದ ಹಾಗೆ. ಆದ್ದರಿಂದ ಹೆಂಡತಿ ಮನೆಯಲ್ಲಿಲ್ಲದ ಒಂದು ಮಧ್ಯಾಹ್ನ ಮೇಷ್ಟ್ರು ತಾವೇ ಮುಂಭಾಗ ಬಿಚ್ಚಿ, ತಗಡನ್ನು ಸುತ್ತಿಗೆಯಿಂದ ತಟ್ಟಿ ನೆಟ್ಟಗೆ ಮಾಡಿ, ಒಂದು ಡಬ್ಬಿ ಸ್ಪ್ರೇ ಬಣ್ಣ ಪೂರ್ತಿ ಹೊಡೆದಿದ್ದರು. ಹೆಂಡತಿ ಬಂದು "ಏನಿದು, ಕಾರಿನ ಮುಖಕ್ಕೆ ಪೌಡರ್ ಬಳಿದ ಹಾಗಿದೆ?" ಎಂದಾಗ ಅವರ ಬಾಯಿಂದ ತಟ್ಟನೆ ಬಂದದ್ದು: "ಆ ದರ್ಜಿ ಇದಾನಲ್ಲ, ಕಲಿಯೋವಾಗ ಕಂಬಕ್ಕೆ ತಂದು ಗುದ್ದಿದ."

ದರ್ಜಿ ಎಂದರೆ ಮಾರ್ಕೆಟ್ಟಿನ ಮೂಲೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಮೃದು ಮಾತಿನ ಮನುಷ್ಯ. ಗಂಟೆಗೆ ಹದಿನೈದು ಕಿಲೋಮೀಟರಿನ ಮೇಲೆ ಕಾರು ಓಡಿಸಿದರೆ ಪಾಪ ಬರುತ್ತದೆ ಎಂದು ನಂಬಿದವನಂತೆ ಓಡಿಸುತ್ತಿದ್ದ. ಆ ದಿನದಿಂದ ಮೇಷ್ಟ್ರ ಹೆಂಡತಿ ಅವನ ಅಂಗಡಿಗೆ ಕೊಟ್ಟಿದ್ದ ಪರದೆ ಬಟ್ಟೆಯನ್ನು ಹೊಲಿಸದೆ ವಾಪಸ್ಸು ತಂದರು. ದಾರಿಯಲ್ಲಿ ಎದುರಾದರೆ ನೋಡಿಯೂ ನೋಡದ ಹಾಗೆ ಹೋಗುತ್ತಿದ್ದರು.

ಹೀಗಿರುವಾಗ ಕಾರಿನ ವಿಷಯಕ್ಕೆ ಅತ್ತೆ ಕೈಹಾಕಿದರು.

ಅತ್ತೆ ಎಂದರೆ ಮೇಷ್ಟ್ರ ಹೆಂಡತಿಯ ತಾಯಿ. ಎಪ್ಪತ್ತೊಂದು ವರ್ಷ. ಅವರ ಕಟ್ಟಡದಲ್ಲಿ ನೀರಿನ ಪೈಪು ಬದಲಾಯಿಸುತ್ತಿದ್ದಾರೆಂದು ಎರಡು ವಾರಕ್ಕೆ ಬಂದವರು ಮೂರನೆಯ ತಿಂಗಳಿನಲ್ಲಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನ ಟೆಸ್ಟಿಂಗ್ ಮೇಜಿನಲ್ಲಿ ಮೂವತ್ತೊಂದು ವರ್ಷ ಕೆಲಸ. ಊರಿನ ಯಾರ ಫೋನು ಸತ್ತರೂ ದೂರು ಅವರ ಕಿವಿಗೇ ಬರುತ್ತಿತ್ತು. ಕೂತಲ್ಲಿಂದಲೇ ನಾಲ್ಕು ಪ್ರಶ್ನೆ ಕೇಳಿ, ಮೀಟರಿನ ಮುಳ್ಳು ನೋಡಿ, "ತಂತಿ ಮನೆಯೊಳಗೇ ಕಟ್ಟಾಗಿದೆ, ಸೋಫಾ ಸರಿಸಿ ನೋಡಿ" ಎಂದು ಹೇಳಿಬಿಡುತ್ತಿದ್ದರಂತೆ. ನಿವೃತ್ತಿಯ ದಿನ ಎಲ್ಲರಿಗೂ ಗೋಡೆ ಗಡಿಯಾರ ಕೊಡುವುದು ಆಫೀಸಿನ ರೂಢಿ. ಇವರು, "ಟೈಮ್ ತಿಳ್ಕೊಂಡು ನಾನಿನ್ನು ಎಲ್ಲಿಗೆ ಹೋಗ್ಬೇಕು? ನನ್ನ ಮೀಟರ್ ಕೊಡಿ ಸಾಕು" ಎಂದು ಕೇಳಿ ತಂದಿದ್ದರು.

ಅಳಿಯ ಬ್ಯಾಟರಿಗೆ ಸ್ನಾನ ಮಾಡಿಸಿದ್ದನ್ನೂ ಫ್ಯೂಸು ಹುಡುಕುತ್ತ ಕುಂಡಗಳ ನಡುವೆ ಮಂಡಿಯೂರಿದ್ದನ್ನೂ ಅವರು ಕಿಟಕಿಯಿಂದ ನೋಡುತ್ತಲೇ ಇದ್ದರು. ಕೇಳದೆ ಸಲಹೆ ಕೊಡಬಾರದು ಎಂದು ಐದು ದಿನ ತಡೆದುಕೊಂಡರು. ಆರನೆಯ ದಿನ, ಭಾನುವಾರ ಮಧ್ಯಾಹ್ನ, ತಟ್ಟೆ ಎತ್ತುವ ಹೊತ್ತಿಗೆ ತಡೆಯಲಾಗಲಿಲ್ಲ.

"ಅಳಿಯಂದ್ರೇ, ಒಂದೇ ಲೈಟ್ ಮಿಣುಕತ್ತಾ, ಎರಡೂನಾ?"

"ಎರಡೂ, ಅತ್ತೆ."

"ಎರಡೂ ಒಟ್ಟಿಗೇನಾ? ಇಲ್ಲಾ ಒಂದಾದ್ಮೇಲೆ ಒಂದಾ?"

"ಬಹುಶಃ ಒಟ್ಟಿಗೇ."

"ಬಹುಶಃ ಅಂದ್ರೆ ನೋಡಿಲ್ಲ ಅಂತ. ಅದು ಮಿಣುಕೋವಾಗ ಕಾರಿನ ಒಳಗಿನ ದೀಪನೂ ಮಿಣುಕತ್ತಾ?"

ಮೇಷ್ಟ್ರು ನೀರು ಕುಡಿದರು. ಅವರ ಹೆಂಡತಿ ನಗು ತಡೆದುಕೊಂಡು ತಟ್ಟೆ ಎತ್ತಿಕೊಂಡು ಒಳಗೆ ಹೋದರು.

"ಸಂಜೆ ನೋಡೋಣ," ಎಂದರು ಅತ್ತೆ. "ಬಲ್ಬು, ಬ್ಯಾಟರಿ, ಫ್ಯೂಸು ಅಂತ ಸಾಮಾನು ಬದಲಾಯಿಸೋದು ಆಮೇಲೆ. ಮೊದಲು ಕಾಯಿಲೆ ಏನು ಅಂತ ಕಾರನ್ನೇ ಕೇಳೋಣ."

ಬೆಳಕು ಇಳಿಯುವ ಹೊತ್ತಿಗೆ ಕಾರು ಶೆಡ್ಡಿನಲ್ಲಿ ಗೋಡೆಗೆ ಮುಖ ಮಾಡಿ ನಿಂತಿತು. ಮೇಷ್ಟ್ರು ಇಂಜಿನ್ ಶುರು ಮಾಡಿ, ಕತ್ತಲಾಗಲೆಂದು ಶಟರು ಎಳೆಯಲು ಹೋದರು.

"ಅಯ್ಯೋ, ಬಿಡಿ ಬಿಡಿ!" ಎಂದರು ಅತ್ತೆ. "ಇಂಜಿನ್ ಓಡ್ತಿರೋವಾಗ ಬಾಗಿಲು ಮುಚ್ಚಿದ್ರೆ ಹೊಗೆ ಕುಡಿದು ಮೂರೂ ಜನ ಒಟ್ಟಿಗೆ ಹೋಗ್ತೀವಿ. ಆಮೇಲೆ ಲೈಟು ಯಾರಿಗೆ ಬೇಕು?"

ಅತ್ತೆಗೆ ಒಂದು ಬೆತ್ತದ ಕುರ್ಚಿ ಹಾಕಲಾಯಿತು. ತೊಡೆಯ ಮೇಲೆ ಚರ್ಮದ ಚೀಲದಲ್ಲಿ ಮೀಟರು. ಮಗಳು ಪಕ್ಕದಲ್ಲಿ ಶಾಲೆಯ ಡೈರಿ ಹಿಡಿದು ಬರೆದುಕೊಳ್ಳಲು ನಿಂತರು. ಹೆಡ್‌ಲೈಟಿನ ಎರಡು ಬೆಳಕಿನ ವೃತ್ತಗಳು ಗೋಡೆಯ ಮೇಲೆ ಬಿದ್ದವು. ಒಂದಿಷ್ಟೂ ಅಲುಗಾಡಲಿಲ್ಲ.

"ನೋಡಿ, ಸರಿಯಾಗೇ ಇದೆ!" ಎಂದರು ಮೇಷ್ಟ್ರು, ಸಂತೋಷದಿಂದ.

"ಡಾಕ್ಟರ್ ಮುಂದೆ ಕೂತ ತಕ್ಷಣ ಕೆಮ್ಮು ನಿಲ್ಲತ್ತೆ, ಗೊತ್ತಲ್ಲ? ರಸ್ತೆಯಲ್ಲಿ ಗುಂಡಿ ದಾಟೋವಾಗ ತಾನೇ ಮಿಣುಕೋದು? ಹಾಗಾದ್ರೆ ಇಲ್ಲೇ ಗುಂಡಿ ಮಾಡ್ಬೇಕು. ಅಳಿಯಂದ್ರೇ, ಮುಂದಿನ ಬಂಪರ್ ಮೇಲೆ ನಿಂತು ಸ್ವಲ್ಪ ಕುಣೀರಿ."

"ಕುಣೀಬೇಕಾ?"

"ನಾನು ಕುಣಿದ್ರೆ ಮೂಳೆ ಮುರಿಯತ್ತೆ. ಅವಳು ಬರ್ಕೋಬೇಕು. ಉಳಿದವರು ನೀವೇ."

ಐವತ್ತೆಂಟು ವರ್ಷದ, ತೊಂಬತ್ತು ಕಿಲೋ ತೂಕದ ಮೇಷ್ಟ್ರು ಬಾನೆಟ್ಟಿಗೆ ಎರಡೂ ಕೈ ಊರಿ, ಬಂಪರಿನ ಮೇಲೆ ಹತ್ತಿ ಕುಣಿಯತೊಡಗಿದರು. ಕಾರು ಕುಂಯ್ ಕುಂಯ್ ಎಂದಿತು. ಅದೇ ಸಮಯಕ್ಕೆ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ಗಿಡಕ್ಕೆ ನೀರು ಹಾಕುತ್ತ ಕಾಂಪೌಂಡಿನ ಮೇಲಿಂದ ಇಣುಕಿದರು.

"ಏನ್ ಮೇಷ್ಟ್ರೇ, ವ್ಯಾಯಾಮನಾ?"

"ಹೌದು," ಎಂದರು ಮೇಷ್ಟ್ರು, ಕುಣಿತ ನಿಲ್ಲಿಸದೆ.

"ನಿಮಗಾ, ಕಾರಿಗಾ?"

ಮೇಷ್ಟ್ರು ಏದುಸಿರು ಬಿಡುತ್ತ ಇನ್ನೊಂದು ಸಲ ಕುಣಿದರು. ಗೋಡೆಯ ಮೇಲಿನ ಬೆಳಕು ಆಗ ಮಿಣುಕಿತು. ಎರಡೂ ಒಟ್ಟಿಗೆ ಹೋದವು, ಒಟ್ಟಿಗೆ ಬಂದವು. ಕಾರಿನೊಳಗಿನ ಪುಟ್ಟ ದೀಪ ಮಾತ್ರ ಒಂದೇ ಸಮನೆ ಉರಿಯುತ್ತಿತ್ತು.

"ಬರ್ಕೋ," ಎಂದರು ಅತ್ತೆ ಮಗಳಿಗೆ. "ಎರಡೂ ಒಟ್ಟಿಗೆ. ಒಳಗಿನ ದೀಪ ಸರಿ." ಆಮೇಲೆ ಎದ್ದು ಬಂದು, ಬಾನೆಟ್ಟು ಎತ್ತಿಸಿ, ಮೀಟರಿನ ಎರಡು ಕಡ್ಡಿಗಳನ್ನು ಬ್ಯಾಟರಿಯ ಎರಡು ತುದಿಗೆ ಮುಟ್ಟಿಸಿದರು. "ಹದಿನಾಲ್ಕು ವೋಲ್ಟ್, ಮೇಲೊಂದು ಸ್ವಲ್ಪ. ಕುಣಿದಾಗ್ಲೂ ಮುಳ್ಳು ಕದಲಲ್ಲ. ಬ್ಯಾಟರಿಯಲ್ಲಿ ದೋಷ ಇಲ್ಲ, ಚಾರ್ಜ್ ಆಗೋದ್ರಲ್ಲೂ ಇಲ್ಲ."

"ಹಾಗಾದ್ರೆ ನಾನು ಬ್ಯಾಟರಿ ತೊಳೆದಿದ್ದು?"

"ಸ್ನಾನ ಮಾಡಿಸಿದ್ದು ಪುಣ್ಯದ ಕೆಲಸ. ರೋಗ ಅಲ್ಲಿರಲಿಲ್ಲ, ಅಷ್ಟೆ."

ಎರಡು ಬಲ್ಬು ಒಂದೇ ಕ್ಷಣದಲ್ಲಿ ಹಾಳಾಗುವುದಿಲ್ಲ, ಎರಡಕ್ಕೂ ಸೇರಿದ್ದು ಯಾವುದೋ ಒಂದು ಸಡಿಲವಾಗಿದೆ ಎಂದು ಅತ್ತೆ ವಿವರಿಸಿದರು. ಸ್ಟೀರಿಂಗಿನ ಪಕ್ಕದ ಸ್ವಿಚ್ಚನ್ನು ಅಲುಗಿಸಿ ನೋಡಿದರು, ಬೆಳಕು ಕದಲಲಿಲ್ಲ. ಇಂಜಿನ್ ನಿಲ್ಲಿಸಿ, ದೀಪ ಹಾಗೇ ಇಟ್ಟು, ಬಲ್ಬುಗಳ ಹಿಂದಿನ ಪ್ಲಗ್ಗುಗಳನ್ನು ಒಂದೊಂದಾಗಿ ಅಲುಗಿಸಿದರು, ಅವೂ ಗಟ್ಟಿಯಾಗಿದ್ದವು. ಆಮೇಲೆ ಚೀಲದಿಂದ ಎರಡೂ ತುದಿಗೆ ಕಚ್ಚುವ ಕ್ಲಿಪ್ಪಿದ್ದ ಉದ್ದದ ವೈರೊಂದನ್ನು ತೆಗೆದು, ಒಂದು ತುದಿಯನ್ನು ಹೆಡ್‌ಲೈಟಿನ ಹಿಂದಿನ ಕಪ್ಪು ವೈರಿಗೆ ಸೇರುವಂತೆ ಹಾಕಿ, ಇನ್ನೊಂದನ್ನು ನೇರವಾಗಿ ಬ್ಯಾಟರಿಯ ಮೈನಸ್ಸಿಗೆ ಕಚ್ಚಿಸಿದರು.

"ಈಗ ಕುಣೀರಿ."

ಮೇಷ್ಟ್ರು ಕುಣಿದರು. ಬೆಳಕು ಮಿಣುಕಲಿಲ್ಲ. ಇನ್ನೂ ಜೋರಾಗಿ ಕುಣಿದರು. ಇಲ್ಲ. ಅತ್ತೆ ವೈರು ಕಿತ್ತರು. ಒಂದೇ ಕುಣಿತಕ್ಕೆ ದೀಪ ಪಟಪಟ ಎಂದಿತು. ಮತ್ತೆ ಹಾಕಿದರು, ನಿಂತಿತು. ಹೀಗೆ ಮೂರು ಸಲ.

"ಸಿಕ್ತು," ಎಂದರು ಅತ್ತೆ. ಮೂವತ್ತೊಂದು ವರ್ಷ ಆ ಮೇಜಿನಲ್ಲಿ ಹೇಳುತ್ತಿದ್ದ ಅದೇ ದನಿ ಇರಬೇಕು, ಮಗಳಿಗೆ ಮೈ ಜುಮ್ಮೆಂದಿತಂತೆ. "ಕರೆಂಟು ಬ್ಯಾಟರಿಯಿಂದ ಲೈಟಿಗೆ ಹೋದ್ರೆ ಸಾಲದು, ವಾಪಸ್ಸು ಬರ್ಬೇಕು. ಬರೋದು ಕಾರಿನ ತಗಡಿನ ಮೂಲಕ. ಹೋಗೋ ದಾರಿ ಎಲ್ರೂ ನೋಡ್ತಾರೆ, ಬರೋ ದಾರಿ ಯಾರೂ ನೋಡಲ್ಲ. ಈ ಕಪ್ಪು ವೈರು ತಗಡಿಗೆ ಸೇರೋ ಜಾಗ ಸಡಿಲ ಆಗಿದೆ. ಟಾರ್ಚ್ ಕೊಡು."

ಕಪ್ಪು ವೈರಿನ ಜಾಡು ಹಿಡಿದು ಹೋದ ಟಾರ್ಚಿನ ಬೆಳಕು ಎಡಗಡೆ ಲೈಟಿನ ಹಿಂದೆ, ಮೂಲೆಯ ಒಂದು ಬೋಲ್ಟಿನ ಮೇಲೆ ನಿಂತಿತು. ಬೋಲ್ಟಿನ ತಲೆ, ವೈರಿನ ತುದಿಯ ಪುಟ್ಟ ಲೋಹದ ಬಳೆ, ಸುತ್ತಲಿನ ತಗಡು, ಎಲ್ಲದರ ಮೇಲೂ ದಪ್ಪಗೆ ಹೊಸ ಬಣ್ಣ. ಬಳೆಯ ಕೆಳಗಿನಿಂದಲೂ ಬಣ್ಣ ಹೊರಗೆ ಇಣುಕುತ್ತಿತ್ತು.

"ಅದು ಕಂಪನಿ ಬಣ್ಣ," ಎಂದರು ಮೇಷ್ಟ್ರು.

ಯಾರೂ ಏನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ದರ್ಜಿ ಗುದ್ದಿದನಲ್ಲ, ಆಗ ಬಳಿದಿದ್ದಲ್ವಾ?" ಎಂದರು ಹೆಂಡತಿ. "ಎಷ್ಟು ಜೋರಾಗಿ ಬಂದಿದ್ದ ಅವನು?"

"ಒಂದು ಇಪ್ಪತ್ತೈದು."

"ಆ ಮನುಷ್ಯ ಹದಿನೈದರ ಮೇಲೆ ಹೋಗೋದೇ ಇಲ್ಲ ಅಂತ ನೀವೇ ಗೋಳಾಡ್ತಿದ್ರಿ?"

"ಹದಿನೈದು ಅಂತಾನೇ ಇಟ್ಕೋ."

ಲೆಕ್ಕದ ಟೀಚರು ಪೆನ್ನಿನ ಮುಚ್ಚಳ ಹಾಕಿದರು. ಅತ್ತೆ ಟಾರ್ಚು ಆರಿಸಿ ಮತ್ತೆ ಕುರ್ಚಿಯಲ್ಲಿ ಕೂತರು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ.

"ಅಳಿಯಂದ್ರೇ, ನನಗೆ ಫೋನ್ ಮಾಡ್ತಿದ್ದ ಜನ ಯಾರೂ ಸುಳ್ಳು ಹೇಳ್ತಿರಲಿಲ್ಲ. ಪೂರ್ತಿ ಹೇಳ್ತಿರಲಿಲ್ಲ, ಅಷ್ಟೆ. 'ತಾನಾಗೇ ಸತ್ತೋಯ್ತು ಮೇಡಂ' ಅನ್ನೋರು. ಮಗು ಫೋನನ್ನ ಬಕೆಟ್ಟಲ್ಲಿ ಮುಳುಗಿಸಿದ್ದು ಬಿಟ್ಟು ಎಲ್ಲಾ ಹೇಳೋರು. ಗುದ್ದಿದ್ದು ಯಾರು ಅನ್ನೋದು ನನಗೆ ಬೇಡ. ಬಣ್ಣ ಹಚ್ಚೋಕೆ ಯಾವ್ಯಾವ ಬೋಲ್ಟ್ ಬಿಚ್ಚಿದ್ರು ಅಂತ ಗೊತ್ತಾದ್ರೆ ಅರ್ಧ ಗಂಟೆ ಕೆಲಸ. ಗೊತ್ತಾಗದಿದ್ರೆ ಎಲ್ಲಾನೂ ಬಿಚ್ಬೇಕು."

ಮೇಷ್ಟ್ರು ಬಂಪರಿನಿಂದ ಕೆಳಗಿಳಿದರು. ಕರವಸ್ತ್ರದಿಂದ ಮುಖ ಒರೆಸಿಕೊಂಡರು. ತಪ್ಪಿಸಿಕೊಳ್ಳಲು ಅತ್ತೆ ಬಾಗಿಲು ತೆರೆದೇ ಇಟ್ಟಿದ್ದರು. ಬೋಲ್ಟಿನ ಲೆಕ್ಕವೊಂದನ್ನು ಹೇಳಿ ಸುಮ್ಮನಾಗಬಹುದಿತ್ತು. ಅದಕ್ಕೇ ಇರಬೇಕು, ಅವರಿಂದ ಆಗಲಿಲ್ಲ.

"ಮೂರು ಬೋಲ್ಟು, ಅತ್ತೆ," ಎಂದರು. "ಬಿಚ್ಚಿದ್ದು ನಾನು. ಬಣ್ಣ ಒಣಗೋ ಮುಂಚೆ ಕೈಯಲ್ಲೇ ತಿರುಗಿಸಿ ಹಾಕಿದ್ದೂ ನಾನು. ಕಂಬಕ್ಕೆ ಗುದ್ದಿದ್ದೂ ನಾನೇ."

ಮತ್ತೆ ಮೊದಲಿನಿಂದ ಕೊನೆಯವರೆಗೆ ಹೇಳಿದರು. ಫುಟ್‌ಪಾತಿನವನಿಗೆ "ಮುಂದೆ ನೋಡ್ಕೊಂಡು ನಡೀರಿ" ಎಂದ ಭಾಗಕ್ಕೆ ಬಂದಾಗ ಅವರ ಹೆಂಡತಿ ಡೈರಿಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಭುಜಗಳು ಅದುರುತ್ತಿದ್ದವು. ಅಳುತ್ತಿದ್ದಾಳೇನೋ ಎಂದು ಮೇಷ್ಟ್ರು ಗಾಬರಿಯಾದರು. ಅಳುವಲ್ಲ ಎಂದು ಗೊತ್ತಾದಾಗ ಇನ್ನೂ ಗಾಬರಿಯಾದರು. ಕಾಂಪೌಂಡಿನ ಆಚೆ ನೀರಿನ ಸದ್ದು ನಿಂತು ಎಷ್ಟೋ ಹೊತ್ತಾಗಿತ್ತು. ಪೋಸ್ಟ್‌ಮ್ಯಾನೂ ಪೂರ್ತಿ ಕೇಳಿಸಿಕೊಂಡಿದ್ದರು.

ನಗು ಮುಗಿದ ಮೇಲೆ ಹೆಂಡತಿಯ ಮುಖ ಇದ್ದಕ್ಕಿದ್ದಂತೆ ಬಿಳಿಚಿತು. "ರೀ, ಆ ದರ್ಜಿ! ಪಾಪದ ಮನುಷ್ಯ, ನಮಸ್ಕಾರ ಅಂದ್ರೂ ಮುಖ ತಿರುಗಿಸ್ಕೊಂಡು ಹೋಗಿದೀನಲ್ರೀ! ಅವನ ಹೆಂಡತಿ ಹತ್ರ ಬೇರೆ ಹೇಳಿದೀನಿ, ನಿಮ್ಮ ಯಜಮಾನ್ರು ನಮ್ಮ ಕಾರಿನ ಮೂತಿ ಒಡೆದ್ರು ಅಂತ."

"ಅದು ನಾಳೆ ಕೆಲಸ," ಎಂದರು ಅತ್ತೆ. "ಇವತ್ತಿನದು ಮೊದಲು ಮುಗಿಸಿ."

ಲೈಟು ಆರಿಸಿದರು. ಬ್ಯಾಟರಿಯ ಮೈನಸ್ ತುದಿಯನ್ನು ಮೊದಲು ಕಳಚಿಡಬೇಕೆಂದು ಅತ್ತೆ ಹೇಳಿದರು, ಮೇಷ್ಟ್ರು ಕಳಚಿದರು. ಸ್ಪ್ಯಾನರು ಹಿಡಿದು ಬೋಲ್ಟು ಬಿಚ್ಚಲು ಹೋದಾಗ ಅದು ಎರಡು ಬೆರಳಿಗೇ ತಿರುಗುವಷ್ಟು ಸಡಿಲವಾಗಿತ್ತು. ವೈರಿನ ಬಳೆಯನ್ನೂ ಅದರ ಕೆಳಗಿನ ತಗಡನ್ನೂ ಸ್ಯಾಂಡ್ ಪೇಪರಿನಿಂದ ಉಜ್ಜಿದರು. ಬಣ್ಣದ ಹುಡಿ ಉದುರಿತು, ಕೆಳಗಿನ ಹಳೆಯ ತುಕ್ಕು ಉದುರಿತು. "ಸಾಕಾ ಅತ್ತೆ?" "ಇನ್ನೂ ಸ್ವಲ್ಪ." ಮೂರನೆಯ ಸಲ ಕೇಳಿದಾಗ ತಗಡು ಹೊಸ ನಾಣ್ಯದ ಹಾಗೆ ಹೊಳೆಯುತ್ತಿತ್ತು. ಬಳೆ ಕೂರಿಸಿ, ಬೋಲ್ಟು ಬಿಗಿಮಾಡಿ, ಮತ್ತೆ ತುಕ್ಕು ಹಿಡಿಯದಂತೆ ಮೇಲೊಂದು ತೆಳ್ಳಗಿನ ಗ್ರೀಸು ಸವರಿದರು. ಉಳಿದೆರಡು ಬೋಲ್ಟುಗಳನ್ನೂ ಬಿಡಲಿಲ್ಲ.

ಬ್ಯಾಟರಿ ಜೋಡಿಸಿ ಲೈಟು ಹಾಕಿದರು. ಯಾರೂ ಹೇಳುವ ಮೊದಲೇ ಮೇಷ್ಟ್ರು ಬಂಪರು ಹತ್ತಿದರು.

"ಎರಡನೇ ಸುತ್ತಾ?" ಎಂದರು ಪೋಸ್ಟ್‌ಮ್ಯಾನ್.

"ಬನ್ನಿ, ನೀವೂ ಹತ್ತಿ!" ಎಂದರು ಮೇಷ್ಟ್ರು. ಮುಚ್ಚಿಡುವುದು ಇನ್ನೇನೂ ಇರಲಿಲ್ಲ, ಮನಸ್ಸು ಹಗುರವಾಗಿತ್ತು. ಪೋಸ್ಟ್‌ಮ್ಯಾನ್ ನಿಜವಾಗಿಯೂ ಗೇಟು ದಾಟಿ ಬಂದರು. ಇಬ್ಬರು ಹಿರಿಯರು ಬಾನೆಟ್ಟು ಹಿಡಿದು ಅಕ್ಕಪಕ್ಕ ಕುಣಿದರು. ಗೋಡೆಯ ಮೇಲೆ ಬೆಳಕು ಮೇಲೆ ಕೆಳಗೆ ಆಡಿತೇ ಹೊರತು ಒಂದು ಸಲವೂ ಮಿಣುಕಲಿಲ್ಲ.

ಮರುದಿನ ಬೆಳಿಗ್ಗೆ ಮೇಷ್ಟ್ರು ದರ್ಜಿಯ ಅಂಗಡಿಗೆ ಹೋದದ್ದನ್ನು ದರ್ಜಿಯೇ ನನಗೆ ಹೇಳಿದ. ಮೇಷ್ಟ್ರು ಅಂಗಡಿಯ ಮುಂದೆ ಎರಡು ಸಲ ಆಚೀಚೆ ಓಡಾಡಿ, ಮೂರನೆಯ ಸಲ ಒಳಗೆ ಬಂದು, ಅಳತೆಗೆ ಬಂದವರಂತೆ ಕನ್ನಡಿಯ ಮುಂದೆ ನೆಟ್ಟಗೆ ನಿಂತುಬಿಟ್ಟರಂತೆ. ದರ್ಜಿ ಟೇಪು ತೆಗೆದು ಹೆಗಲು ಅಳೆಯತೊಡಗಿದ. ಬೆನ್ನ ಹಿಂದೆ ಇದ್ದವನಿಗೆ ಮೇಷ್ಟ್ರು ಕನ್ನಡಿಯಲ್ಲಿ ನೋಡುತ್ತ ಎಲ್ಲವನ್ನೂ ಹೇಳಿದರು.

ಟೇಪು ಅಲ್ಲೇ ನಿಂತಿತು.

"ಅಂದ್ರೆ... ನಾನು ಗುದ್ದಿರಲಿಲ್ವಾ, ಸಾರ್?"

"ಇಲ್ಲಪ್ಪ. ನಿನಗೆ ಗೊತ್ತಿರಲಿಲ್ವಾ, ಗುದ್ದಿಲ್ಲ ಅಂತ?"

"ನನಗೆ ನೆನಪೇ ಇರಲಿಲ್ಲ ಸಾರ್. ಆದ್ರೆ ಮೇಡಂ ಅವರೇ ಹೇಳಿದ್ರು ಅಂತ ನನ್ನ ಹೆಂಡತಿ ಅಂದಾಗ, ಇರ್ಬೇಕು ಅಂದ್ಕೊಂಡೆ. ಭಯಕ್ಕೆ ಕಣ್ಣು ಮುಚ್ಕೊಂಡಿದ್ದೆನೇನೋ, ಗುದ್ದಿದ್ದು ಗೊತ್ತಾಗಲಿಲ್ಲವೇನೋ ಅಂತ. ನೀವು ದೊಡ್ಡ ಮನಸ್ಸು ಮಾಡಿ ಒಂದು ಮಾತೂ ಬೈದಿಲ್ವಲ್ಲ ಅಂತ ಮನೆಯಲ್ಲಿ ಎಷ್ಟು ಸಲ ಹೇಳಿದೀನಿ! ಅವತ್ತಿಂದ ಕಂಬ ಕಂಡ್ರೆ ಕಾಲು ತಾನಾಗೇ ಬ್ರೇಕ್ ಮೇಲೆ ಹೋಗತ್ತೆ. ಅದಕ್ಕೇ ಹದಿನೈದರಿಂದ ಹತ್ತಕ್ಕೆ ಇಳಿದಿದ್ದು."

ಇದನ್ನು ಕೇಳಿದ ಮೇಷ್ಟ್ರಿಗೆ ಕಣ್ಣಲ್ಲಿ ನೀರು ಬಂತಂತೆ. ಬೈಸಿಕೊಳ್ಳಲು ತಯಾರಾಗಿ ಬಂದವರಿಗೆ, ಮಾಡದ ತಪ್ಪನ್ನು ಒಪ್ಪಿಕೊಂಡು ಕೃತಜ್ಞನಾಗಿ ಬದುಕುತ್ತಿದ್ದ ಮನುಷ್ಯ ಸಿಕ್ಕರೆ ಏನು ಮಾಡಬೇಕು? ಅಂದೇ ಸಂಜೆ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಅದೇ ಗೇಟಿನ ಒಳಗೆ ಹೊರಗೆ ಹದಿನಾಲ್ಕು ಸಲ ತಿರುಗಿಸಿದರು. ಪರದೆ ಬಟ್ಟೆ ಹಿಡಿದುಕೊಂಡು ಮೇಷ್ಟ್ರ ಹೆಂಡತಿ ತಾವೇ ಅಂಗಡಿಗೆ ಹೋದರು. ಮುಂದಿನ ತಿಂಗಳು ದರ್ಜಿ ಮೊದಲ ಸಲಕ್ಕೇ ಪರೀಕ್ಷೆ ಪಾಸಾದ. ಪರೀಕ್ಷೆ ಮಾಡಿದ ಅಧಿಕಾರಿ, "ಸ್ವಲ್ಪ ನಿಧಾನವಾಗಿ ಓಡಿಸೋದನ್ನ ಕಲೀರಿ" ಎಂದು ಹೇಳಿದರಂತೆ. ಆ ಮಾತನ್ನು ದರ್ಜಿ ಇವತ್ತಿಗೂ ಗಿರಾಕಿಗಳಿಗೆ ಹೇಳಿಕೊಂಡು ಹಿಗ್ಗುತ್ತಾನೆ.

ಸುದ್ದಿ ಹರಡದೆ ಇರಲಿಲ್ಲ. ಪೋಸ್ಟ್‌ಮ್ಯಾನ್ ಇಡೀ ಜೀವನ ಮನೆ ಮನೆಗೆ ಸುದ್ದಿ ಮುಟ್ಟಿಸಿದವರು, ಅಭ್ಯಾಸ ಬಿಟ್ಟಿರಲಿಲ್ಲ. ಒಂದು ವಾರ ಊರೆಲ್ಲ ನಕ್ಕಿತು. ಆದರೆ ಮೇಷ್ಟ್ರು ಹೆದರಿದ್ದ ಹಾಗೆ ಯಾರೂ ಸ್ಕೂಲು ಬಿಡಲಿಲ್ಲ. ಮೇಷ್ಟ್ರೂ ಗುದ್ದುತ್ತಾರೆ ಎಂದರೆ ತಾವು ಗುದ್ದಿದರೂ ಪರವಾಗಿಲ್ಲ ಎಂದುಕೊಂಡು, ಕಾರು ಎಂದರೆ ಬೆವರುತ್ತಿದ್ದ ನಾಲ್ಕೈದು ಜನ ಹೊಸದಾಗಿ ಸೇರಿದರು.

ಅತ್ತೆಯ ಕಟ್ಟಡದ ಪೈಪಿನ ಕೆಲಸ ಮುಗಿದಿತ್ತು. ಹೊರಡುವ ಹಿಂದಿನ ದಿನ ಅವರು ಚೀಲ ಕಟ್ಟುತ್ತ, ಯಾವುದೋ ಸಣ್ಣ ವಿಷಯವೆಂಬಂತೆ ಕೇಳಿದರು.

"ಅಳಿಯಂದ್ರೇ, ಎಪ್ಪತ್ತೊಂದಕ್ಕೆ ಲೈಸೆನ್ಸ್ ಕೊಡ್ತಾರಾ?"

ಮೇಷ್ಟ್ರು ಬಾಯಿ ತೆರೆದರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, "ಗೊತ್ತಿಲ್ಲ ಅತ್ತೆ, ವಿಚಾರಿಸ್ತೀನಿ" ಎಂದರು. ಅಡುಗೆಮನೆಯಲ್ಲಿದ್ದ ಅವರ ಹೆಂಡತಿ ಕೈಯಲ್ಲಿದ್ದ ಸೌಟು ಹಾಗೇ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತರಂತೆ.

ಕೊಡುತ್ತಾರೆ ಎಂದು ಗೊತ್ತಾಯಿತು, ಕಣ್ಣಿನ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟು ತಂದರೆ. ಅತ್ತೆ ಊರಿಗೆ ಹೋಗುವುದನ್ನು ಮುಂದೂಡಿದರು. ಮೊದಲ ಪಾಠದ ದಿನ ನಾನು ಹಿಂದಿನ ಸೀಟಿನಲ್ಲಿ ನನ್ನ ಸರದಿ ಕಾಯುತ್ತ ಕೂತಿದ್ದೆ. ಅತ್ತೆ ಸೀಟು ಮುಂದೆ ಎಳೆದುಕೊಂಡು, ಕನ್ನಡಕ ಸರಿಮಾಡಿಕೊಂಡು, ಕನ್ನಡಿಯಲ್ಲಿ ಹಿಂದೆ ನೋಡಿ, ಕಾರನ್ನು ಮೆಲ್ಲಗೆ ರಸ್ತೆಗೆ ತಂದರು. ಮೇಷ್ಟ್ರು ಅಂದು ಒಂದು ಸಲವೂ ಕೂಗಲಿಲ್ಲ. ಅತ್ತೆಗೆ ಹೇಗೆ ಕೂಗುವುದು? ಮೇಷ್ಟ್ರ ಕಡೆಗೂ ಒಂದು ಬ್ರೇಕು ಇತ್ತು, ಕಲಿಸುವ ಕಾರುಗಳಲ್ಲಿ ಇರುವ ಹಾಗೆ. ಅದರ ಮೇಲೆ ಪಾದವನ್ನು ಸದ್ದಿಲ್ಲದೆ ಇಟ್ಟು, ಮುಖ ಮಾತ್ರ ನಿಶ್ಚಿಂತೆಯಿಂದ ಕಿಟಕಿಯ ಕಡೆ ತಿರುಗಿಸಿದ್ದರು.

ಅತ್ತೆ ರಸ್ತೆಯಿಂದ ಕಣ್ಣು ಕೀಳಲಿಲ್ಲ.

"ಕಾಲು ತೆಗೀರಿ ಅಳಿಯಂದ್ರೇ," ಎಂದರು. "ಗಾಡಿ ಎಳೀತಾ ಇದೆ. ನನಗೆ ಗೊತ್ತಾಗತ್ತೆ."

ಮೇಷ್ಟ್ರು ಕಾಲು ತೆಗೆದರು.